ಮಂಡಕ್ಕಿಗೆ ತಕ್ಕಡಿ ಇಲ್ಲ

ನಮ್ಮ ಭಟ್ಟಿಯಲ್ಲಿ ಮಂಡಕ್ಕಿ ತೂಗುವುದಿಲ್ಲ, ಅಳೆಯುತ್ತೇವೆ.
ಚೀಲ ಆಳೆತ್ತರ; ಎತ್ತಿದರೆ ಎರಡು ವರ್ಷದ ಕೂಸಿನ ಭಾರ.
ಸೇರಿನಲ್ಲೂ ಎರಡು ನ್ಯಾಯ:
ಗಿರಾಕಿಗೆ ಬೇಕು ಗೋಪುರ ಕಟ್ಟಿದ್ದು,
ಮಾಲೀಕರಿಗೆ ತಲೆ ಸವರಿದ್ದು.
ನಡುವೆ ನನ್ನ ಅಂಗೈ.

ಬಾಣಲೆಯ ಮುಂದೆ ದಸ್ತಗೀರ ಮಾಮು.
ಹಳೇ ಟೈರಿನ ಹೊಗೆ, ಶೇಂಗಾ ಹೊಟ್ಟಿನ ಉರಿ,
ಕಾದ ಮರಳಲ್ಲಿ ಅಕ್ಕಿ ಚಟಪಟ.
ಇಪ್ಪತ್ತೆರಡು ವರ್ಷ ಅವನು ಟೈಲರ್,
ಸಮುದ್ರದಾಚೆ, ಎಣ್ಣೆ ಉಕ್ಕುವ ದೇಶದ ರಾಜಧಾನಿಯಲ್ಲಿ.
ಅಲ್ಲಿ ಗೋಡೆ ಗೋಡೆಗೂ ಒಂದೇ ಮುಖದ ಫೋಟೊ.
ಅದು ವಾರೆಯಾಗಿ ನೇತಿದ್ದಕ್ಕೆ
ಪಕ್ಕದ ಗಡಿಯಾರ ರಿಪೇರಿಯವ ಹೋದ.
ಅಂಗಡಿಯ ಗಡಿಯಾರಗಳು ವಾರವಿಡೀ ಓಡಿದವಂತೆ.

ಸಂಜೆ ಟೀ ಅಂಗಡಿಯಲ್ಲಿ ಲಾರಿ ಬ್ರೋಕರ್ ರುದ್ರೇಶಿ:
'ದಂಡು ಇಳಿಸಿದ್ದೇ ಸರಿ. ಅಂಥವನ್ನ ಇನ್ಯಾರು ಇಳಿಸೋರು?'
ಮುಚ್ಚಿದ ಮಿಲ್ಲಿನ ಪರಸಪ್ಪ:
'ಬಾಂಬಿಗೆ ಕಣ್ಣು ಇರ್ತಾವೇನು?'
ಮೆಣಸಿನಕಾಯಿ ಖಾಲಿಯಾಗುವ ತನಕ ಯುದ್ಧ,
ದುಡ್ಡು ಯಾರು ಕೊಡೋದೆಂದು ಆಮೇಲೆ ಇನ್ನೊಂದು.
'ನೀ ಅಲ್ಲೇ ಇದ್ದೆಲ್ಲೋ, ಹೇಳು' ಅಂದರೆ ಮಾಮು,
'ಇವತ್ತು ಅಕ್ಕಿಗೆ ಉಪ್ಪುನೀರು ಸಾಲ್ದು' ಅಂತ ಎದ್ದು ಬರುತ್ತಾನೆ.

ಕರೆಂಟು ಹೋದ ಒಂದು ರಾತ್ರಿ ನನಗೆ ಹೇಳಿದ.

ಅವನ ಓಣಿಯಲ್ಲಿ ಯೂನುಸನ ತಾಯಿ.
ಮಗನನ್ನು ಒಂದು ನಗೆಮಾತಿಗೆ ಹಿಡಿದೊಯ್ದರು.
ಹಬ್ಬ ಬಂದಾಗೊಮ್ಮೆ ಆಕೆ ಅವನ ಅಂಗಿ ತರುತ್ತಿದ್ದಳು
ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಸಲು,
'ಅಲ್ಲಿ ಬೆಳೆದಿರಬೇಕಲ್ಲ ಹುಡುಗ.'
ಹನ್ನೊಂದು ಹಬ್ಬ.
ವಿಮಾನ ಬರಲಿ ಎಂದು ಹರಕೆ ಹೊತ್ತವಳೂ ಅವಳೇ.
ಬಂದವು.
ಮೊದಲ ರಾತ್ರಿ ಚಪ್ಪಾಳೆ ತಟ್ಟಿದಳು, ಮೆಲ್ಲಗೆ, ದುಪ್ಪಟಿಯೊಳಗೆ.
ಆರನೇ ರಾತ್ರಿ
ಮಗಳು ಮಲಗಿದ್ದ ಕೋಣೆಗೆ ಛಾವಣಿ ಇರಲಿಲ್ಲ.

ಹಂಗಾದ್ರೆ ಬರಬಾರದಿತ್ತಾ ಮಾಮು, ವಿಮಾನ?

ಹೊಟ್ಟು ಒಳಗೆ ತಳ್ಳಿದ. ಮುಖ ಒಮ್ಮೆ ಕೆಂಪಾಗಿ ಆರಿತು.
'ಬರದಿದ್ರೆ ಆ ಅಂಗೀನ ಇನ್ನೂ ದೊಡ್ಡದು ಮಾಡಬೇಕಿತ್ತು ನಾನು.
ಬಟ್ಟೆ ಮುಗಿದಿತ್ತು, ಹೊಲಿಗೆಯೊಳಗೆ.'
ಮತ್ತೆ ಮಾತಿಲ್ಲ. ನಾನು ಲೆಕ್ಕ ಹಾಕುತ್ತ ಕೂತೆ:
ಒಂದು ಕಡೆ ಮೂವತ್ತು ವರ್ಷ, ಒಂದು ಕಡೆ ಹತ್ತೊಂಬತ್ತು ರಾತ್ರಿ.
ಯಾವುದಕ್ಕೆ ಗೋಪುರ, ಯಾವುದಕ್ಕೆ ತಲೆ ಸವರಿದ್ದು?

'ಇನ್ನೊಂದು ಐತಿ' ಅಂದ ಆಮೇಲೆ.
ಅರಮನೆ ಬಿದ್ದ ತಿಂಗಳಿಗೆ ಗಿರಾಕಿ ಬಂದ.
ಮಾಮು ಮುಖ ನೋಡಲಿಲ್ಲ, ಟೇಪು ಸುತ್ತಿದ:
ಸೊಂಟ ನಲವತ್ತೆರಡು,
ಎಡ ಭುಜ ಅರ್ಧ ಇಂಚು ಇಳಿಜಾರು.
ಆ ಭುಜ ಗೊತ್ತಿತ್ತು ಅವನ ಬೆರಳಿಗೆ.
ಯೂನುಸನ ಬಾಗಿಲು ಒದೆಯಲು ಬಂದ ಅಂಗಿ
ಮಾಮೂನ ಮಿಷಿನ್ನಿನದೇ.
'ಈ ಸಲ ಬೇರೆ ಬಣ್ಣ' ಅಂದನಂತೆ ಗಿರಾಕಿ.

ಹೊಲಿದ್ಯಾ?

'ಮುಂಗಡ ಕೊಟ್ಟ. ಹೊಲಿದೆ.
ಅದೇ ದುಡ್ಡಲ್ಲಿ ದಾವಣಗೆರೆ ಸೇರಿದೆ.'

ಕರೆಂಟು ಬಂತು. ಬಾಗಿಲಲ್ಲಿ ರುದ್ರೇಶಿ,
'ಐದು ಸೇರು ಕೊಡವ್ವ, ಗೋಪುರ ಕಟ್ಟಿ.'
ಹಿಂದೆ ಮಾಲೀಕರ ಕೆಮ್ಮು.
ನನ್ನ ಅಂಗೈ ಸವರಿಬಿಟ್ಟಿತು.
ಉದುರಿದವು ನೆಲಕ್ಕೆ, ಸದ್ದೇ ಇಲ್ಲದೆ.

ಮಾಮು ಉರಿ ಬಿಟ್ಟು ಬಂದು
ಮಂಡಿಯೂರಿ ಒಂದೊಂದೇ ಹೆಕ್ಕಿದ.
ಚೀಲಕ್ಕೆ ಹಾಕಲಿಲ್ಲ, ಬಾಯಿಗೂ ಇಲ್ಲ.
ತಾನೇ ಹೊಲಿದುಕೊಂಡ ಅಂಗಿಯ ಜೇಬಿಗೆ ತುಂಬಿ
ಮೇಲಿನ ಗುಂಡಿ ಹಾಕಿಕೊಂಡ.