ಬೆಲ್ಲದ ಲೆಕ್ಕ

ಮಂಗಳವಾರ, ಸಕ್ಕರೆ ಇರುವ ಬಸುರಿಯರ ದಿನ.
ಕೋಟೆ ಹತ್ತಿರದ ಹೆರಿಗೆ ಆಸ್ಪತ್ರೆಯಲ್ಲಿ
ಏಳಕ್ಕೇ ಚೀಟಿ ಹಿಡಿದು ನಿಂತಿದ್ದೇವೆ, ಚಪ್ಪಲಿ ಬಿಟ್ಟು,
ಕೆಲವರು ಬಳೆಯನ್ನೂ ತೆಗೆದು ಪರ್ಸಿಗೆ ಹಾಕಿ.
ಗಾಜು ಎಷ್ಟು ತೂಗುತ್ತೆ, ಹೇಳಿ.

ಮುಳ್ಳು ತೊಂಬತ್ತೊಂದು ದಾಟಿ
ನಡುಗುತ್ತ ನಿಂತಿತು.
"ಒಂದೇ ತಿಂಗಳಿಗೆ ನಾಲ್ಕು ಕೆಜಿ! ಏನಮ್ಮಾ ತಿಂತೀಯ?"
ಫಿಲೋಮಿನಾ ಸಿಸ್ಟರ್ ಕೂಗಿದ್ದು
ಸಾಲಿನ ಕೊನೆಯವರೆಗೂ ಕೇಳಿತು.
ಅರ್ಧ ಮುದ್ದೆ, ಬಸ್ಸಾರು, ಹುರುಳಿಕಾಯಿ ಪಲ್ಯ,
ಊಟಕ್ಕೆ ಮುಂಚೆ ತೊಡೆಗೊಂದು ಸೂಜಿ.
ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ.

ಇದೇ ಪ್ರಶ್ನೆ ನಮ್ಮಜ್ಜಿಯನ್ನೂ ಕೇಳಿದ್ದರಂತೆ.
ಪಿಳ್ಳಮ್ಮ. ಹಲಸೂರಿನ ವಠಾರ, ಹನ್ನೊಂದು ಜನದ ಒಲೆ.
ಎಲ್ಲರಿಗೂ ಬಡಿಸಿ ತಳ ಕೆರೆದು ಉಣ್ಣುತ್ತಿದ್ದವಳು
ಪ್ರತಿ ಬಸುರಿಗೂ ಗುಡಾಣದ ಹಾಗೆ ಊದುತ್ತಿದ್ದಳು.
ಅತ್ತೆ ಬೆಲ್ಲದ ಡಬ್ಬಿಗೆ ಬೀಗ ಹಾಕಿಸಿದಳು.
ಬೀಗ ಹಾಕಿದ ಮೇಲೂ ಅಜ್ಜಿ ಊದಿದಳು.
ಆಗ, ಬೀಗದ ಕೈ ಕದ್ದಳು ಅಂದರು.
ಕಾಲಿನ ಹುಣ್ಣು ಮಾಯದೆ ಸತ್ತಾಗಲೂ
ಹೆಣದ ಪಕ್ಕ ಯಾರೋ ಪಿಸುಗುಟ್ಟಿದರಂತೆ, ಬೆಲ್ಲ.

ನಾನು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು.
ಅಜ್ಜಿಯ ರವಿಕೆ ಅಮ್ಮ ತೊಟ್ಟಳು, ಅಮ್ಮನದು ನಾನು.
ಟೇಪು ಹಿಡಿಯದೆ ಹೇಳಬಲ್ಲೆ:
ತೋಳಿನ ಸುತ್ತು ಹದಿನೈದೂವರೆ, ಮೂವರಿಗೂ.

ಆರನೇ ಕೊಠಡಿಯಲ್ಲಿ ತೆಳ್ಳಗಿನ ಒಬ್ಬ ಹುಡುಗಿ,
ಕಾಲ ಬಳಿ ಐಸಿನ ಡಬ್ಬ.
ಸಂಶೋಧನೆಗೆ ಒಂದು ಟ್ಯೂಬು ರಕ್ತ, ಇಲ್ಲಿ ಸಹಿ.
"ಮೈತೂಕ ಒಂದಷ್ಟು ವಂಶದಿಂದ ಬರುತ್ತೆ ಅಕ್ಕಾ,
ಬಸುರಲ್ಲಿ ಏರೋದೂ ಇರಬಹುದು. ಎಷ್ಟು ಪಾಲು ಅಂತ ನೋಡ್ತಿದೀವಿ."
ಕೈ ಚಾಚಿದೆ. ಕೇಳಿಯೂ ಬಿಟ್ಟೆ:
ನಮ್ಮಜ್ಜಿ ಬೆಲ್ಲ ಕದ್ದಿರಲಿಲ್ಲ ಅಂತ
ಇದರಲ್ಲಿ ಬರೆದಿರುತ್ತಾ?

ಪಾಪ, ಹುಡುಗಿ ಕಣ್ಣು ಕಣ್ಣು ಬಿಟ್ಟಳು.
"ಒಬ್ಬೊಬ್ಬರ ಹೆಸರಲ್ಲಿ ಹೇಳೋಕಾಗಲ್ಲ ಅಕ್ಕಾ,
ಸಾವಿರ ಜನರದ್ದು ಸೇರಿಸಿ ನೋಡಿದರೆ..."
ಸಾವಿರ ಜನರದ್ದು.
ಅಷ್ಟು ಡಬ್ಬಿ. ಅಷ್ಟು ಬೀಗ.

ಹತ್ತಿ ಒತ್ತಿಕೊಂಡು ಹೊರಗೆ ಬಂದೆ.
ಮಗು ಒಂದು ಸಲ ಒದ್ದು ಸುಮ್ಮನಾಯಿತು.
ಇನ್ನೊಂದು ಮಾತು, ಸಿಸ್ಟರ್‌ಗೆ ಹೇಳದ್ದು:
ಶನಿವಾರ ಓವರ್‌ಟೈಮ್ ಮುಗಿಸಿ ಬರುವಾಗ
ಜಾಲಹಳ್ಳಿ ಕ್ರಾಸಿನಲ್ಲಿ ನಿಂತು ಜಹಾಂಗೀರು ತಿಂದೆ. ಎರಡು.
ಬೆರಳೂ ನೆಕ್ಕಿದೆ.
ಅದು ನನ್ನದು.
ಅಜ್ಜಿಯ ಲೆಕ್ಕಕ್ಕೆ ಬರೆಯಬೇಡಿ.