ಕೊಕ್ಕೆ

ಗಂಜಾಮಿನ ನನ್ನ ಅಂಗಡಿಗೆ ಬಂದು
ಅರಕೆರೆಯ ಮಾಯಿಗಯ್ಯ
ಕರ್ಚೀಫಿನ ಗಂಟು ಬಿಚ್ಚಿದರು: ಪದಕ.
‘ಕೊಕ್ಕೆ ಕಿತ್ತೋಗದೆ. ಇಪ್ಪತ್ತಾರಕ್ಕೆ ಸ್ಕೂಲಲ್ಲಿ ಬಾವುಟ,
ಹಾಕ್ಕಂಡೇ ಬರಬೇಕಂತೆ.’

ಅಭ್ಯಾಸಬಲ, ಒರೆಗಲ್ಲಿಗೆ ಉಜ್ಜಿಬಿಟ್ಟೆ.
ತಾಮ್ರ. ಮೇಲೆ ಬೆಳ್ಳಿನೀರು.
‘ನಿಮ್ಮ ಕೈಲಿ ಬಂದೂಕ ಇತ್ತಾ?’
‘ಎಲ್ಲೀದು. ಒಂದು ಗಾಜು ಇತ್ತು, ತಟ್ಟೆಯಗಲ.
ರಾತ್ರಿ ನಮ್ಮ ಹಡಗು ನೀರೊಳಗಿಂದ ಎದ್ದಾಗ
ಅದರಲ್ಲಿ ಚುಕ್ಕಿ ಹುಡುಕೋದು. ಹಸಿರು ಚುಕ್ಕಿ.
ದಿಕ್ಕು ಹೇಳ್ದೆ, ದೂರ ಹೇಳ್ದೆ,
ಅಷ್ಟೇಯ ನಾನು ಮಾಡಿದ್ದು.’
‘ಆಮೇಲೆ?’
‘ಆಮೇಲೆ ಚುಕ್ಕಿ ಇರ್ನಿಲ್ಲ.’

ಊದುಗೊಳವೆ ಕಚ್ಚಿದೆ. ಬಿಳಿಗಾರ ಉಬ್ಬಿತು,
ತಾಮ್ರ ಕಾದು ಉರಿಯ ತುದಿ
ಒಂದು ಗಳಿಗೆ ಹಸಿರಾಯಿತು.
ಮಾಯಿಗಯ್ಯನವರ ಬೀಡಿ ಬೆರಳಲ್ಲೇ ನಿಂತಿತು.
ತುಟಿ ಏನೋ ಅಂಕಿ ಹೇಳುತ್ತಿತ್ತು,
ಸದ್ದಿಲ್ಲದೆ, ಯಾರಿಗೋ.
ನಾನು ಊದುವುದು ಬಿಟ್ಟೆ.

ಬೆಸುಗೆ ಒರಟಾಯಿತು. ಕೂಲಿ ಬೇಡವೆಂದೆ.
ಕೇಳಲಿಲ್ಲ; ಹತ್ತರ ನಾಲ್ಕು ನೋಟು ಎಣಿಸಿಟ್ಟು
ಪದಕವನ್ನು ಬೆನ್ನಮೇಲಾಗಿ ತಿರುಗಿಸಿದರು:
‘ಎಷ್ಟು ದಿನ ತಡೀತದೆ?’
‘ಒಂದು ದಿನಕ್ಕೇನೂ ಮೋಸವಿಲ್ಲ.’
‘ಒಂದಿನ ಸಾಕು ಬುಡಿ’ ಅಂದರು.