ಮೂರನೆಯ ಬೇರಿಂಗು

ಎಪ್ಪತ್ತೊಂಬತ್ತರ ಪದ್ಮಿನಿ.
ಎಂಜಿನ್ನು ಎತ್ತಿ, ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ
ಹುಣಸೆ ಹಲಗೆಯ ಬೆಂಚಿನ ಮೇಲೆ ಕೂರಿಸಿದ್ದೇವೆ.
ಚೈನ್ ಬ್ಲಾಕು ಇನ್ನೂ ಮೇಲೆ ತೂಗುತ್ತಿದೆ
ಊಟ ಮುಗಿದರೂ ಏಳದ ನೆಂಟನ ಹಾಗೆ.

ಮೊದಲು ಮುಟ್ಟಬೇಡ, ನೋಡು, ಅಂದೆ ಚೆಲುವರಾಜನಿಗೆ.
ಎಲ್ಲಿ ಎಣ್ಣೆ ಬೆವರಿದೆ, ಎಲ್ಲಿ ಧೂಳು ಕೂತಿಲ್ಲ,
ಯಾವ ಬೋಲ್ಟಿನ ಮೂಲೆ ಸವೆದಿದೆ.
ತಪ್ಪು ಸ್ಪ್ಯಾನರು ಹಾಕಿದವನು
ಸಹಿ ಮಾಡಿಯೇ ಹೋಗಿರುತ್ತಾನೆ.

ಹೆಡ್ಡಿನ ನಟ್ಟು ಅಂಚಿನಿಂದ ಸಡಿಲಿಸು,
ಒಂದಾದ ಮೇಲೊಂದು, ಕಾಲು ಕಾಲು ಸುತ್ತು;
ಅಲ್ಯುಮಿನಿಯಂ, ಅವಸರಪಟ್ಟರೆ ಸೊಟ್ಟಗಾಗುತ್ತೆ.
ಪುಶ್‌ರಾಡು ಎಂಟು. ರಟ್ಟಿಗೆ ಎಂಟು ತೂತು ಹೊಡೆದು
ಬಂದ ಸಾಲಿನಲ್ಲೇ ಚುಚ್ಚಿಡು:
ಇಷ್ಟು ವರ್ಷ ಒಂದೇ ಟ್ಯಾಪೆಟ್ಟಿನ ಮೇಲೆ ಕುಣಿದದ್ದು
ಇನ್ನೊಂದರ ಮೇಲೆ ಒಗ್ಗುವುದಿಲ್ಲ.

ಹೆಡ್ಡು ಎದ್ದಿತು. ನಾಲ್ಕು ಬಾಯಿ.
ಒಂದು, ಎರಡು: ಒಣ ಮಸಿ, ಕಾಡಿಗೆಯಷ್ಟು ನುಣುಪು.
ನಾಲ್ಕನೆಯದು ಎಣ್ಣೆ ಕುಡಿದು ಜಿಗುಟಾಗಿದೆ.
ಬೋರಿನ ತುದಿಯಲ್ಲಿ ಉಗುರು ಆಡಿಸಿದರೆ ತಡೆಯುತ್ತದೆ:
ರಿಂಗು ಎಂದೂ ಮುಟ್ಟದ ಒಂದು ಅಂಚು
ಹೊಸದಾಗಿಯೇ ಉಳಿದಿದೆ,
ಕ್ಯಾಲೆಂಡರು ತೆಗೆದ ಗೋಡೆಯ ಚೌಕದಂತೆ.
ಗೇಜು ಇಳಿಸಿದೆ. ಮೇಲೊಂದು ಅಳತೆ, ಕೆಳಗೊಂದು,
ಅಡ್ಡಕ್ಕೊಂದು. ಬರ್ಕೊ, ಅಂದೆ.
ಚೆಲುವರಾಜ ಬರೆದ ಏಳು ಒಂದರಂತೆ ಕಾಣುತ್ತದೆ.
ತಿದ್ದಿಸಿದೆ.

ಸೀಮೆಎಣ್ಣೆ ಸಿಗದೆ ಈಗ ಡೀಸೆಲ್ಲಿನಲ್ಲೇ ತೊಳೆಯುವುದು;
ವಾಸನೆ ರಾತ್ರಿಯ ಮುದ್ದೆಯವರೆಗೂ ಬರುತ್ತದೆ.

ಮಗುಚಿ ಹಾಕಿ ಸಂಪು ತೆಗೆದೆವು.
ತಳದಲ್ಲಿ ಗೊಜ್ಜಿನಂಥ ಕೆಸರು.
ಬೆರಳಿಗೆ ತಿಕ್ಕಿ ಬಿಸಿಲಿಗೆ ಹಿಡಿದೆ,
ಹೊಳೆದರೆ ಕೆಟ್ಟ ಸುದ್ದಿ.
ಹೊಳೆಯಿತು, ಸ್ವಲ್ಪ.

ರಾಡಿನ ಕ್ಯಾಪುಗಳಿಗೆ ಯಾರೋ ಚುಕ್ಕೆ ಗುದ್ದಿದ್ದಾರೆ,
ಒಂದು, ಎರಡು, ಮೂರು, ನಾಲ್ಕು.
ಮೂರು ಚುಕ್ಕೆಯದನ್ನು ಬಿಚ್ಚಿದಾಗ
ಬೇರಿಂಗಿನ ಅರ್ಧಚಂದ್ರ ಜಾರಿ ಅಂಗೈಗೆ ಬಿತ್ತು,
ಅದರ ಬೆನ್ನಿಗೆ ಅಂಟಿಕೊಂಡು ಒಂದು ತಗಡು.
ತೆಳ್ಳಗೆ. ನಸ್ಯದ ಡಬ್ಬಿಯದು.
ಕೆಂಪು ಮಾಸಿ ಅರ್ಧ ಅಕ್ಷರ ಉಳಿದಿದೆ.
ಮೂಲೆಗಳನ್ನು ದುಂಡಗೆ ಕತ್ತರಿಸಿದೆ.

ಯಾರಣ್ಣ ಈ ಕಳ್ಳಗೆಲಸ ಮಾಡಿದ್ದು, ನಕ್ಕ ಚೆಲುವರಾಜ.

ಗೌಸ್ ಪೀರ್ ಉಸ್ತಾದರ ನಸ್ಯ.
ಮೂಲೆ ದುಂಡಗೆ ಮಾಡೋ,
ಚೂಪಿದ್ದರೆ ಕಬ್ಬಿಣವನ್ನೂ ಕೊರೆಯುತ್ತೆ, ಅಂದಿದ್ದರು.
ಕತ್ತರಿ ಹಿಡಿದ ಕೈಗೆ ಹದಿನಾಲ್ಕು ವರ್ಷ.
ಶನಿವಾರ. ಬೇರಿಂಗು ಮದರಾಸಿನಿಂದ ಬಂದಿರಲಿಲ್ಲ,
ಬಾಡಿಗೆಯವನು ಬಾಗಿಲಲ್ಲೇ ನಿಂತಿದ್ದ.
ಬಿಲ್ಲಿನಲ್ಲಿ ಬರೆದದ್ದು: ಹೊಸದು, ಒಂದು ಸೆಟ್ಟು.
ತಿಂಗಳು ತಡೆದರೆ ನಮ್ಮ ಪುಣ್ಯ, ಅಂದರು,
ನಸ್ಯ ಏರಿಸಿ, ಸೀನದೆ.

ಕ್ರ್ಯಾಂಕಿನ ಆ ಕುತ್ತಿಗೆಯನ್ನು ಮೈಕ್ರೋಮೀಟರಿನಲ್ಲಿ ಹಿಡಿದೆ.
ಎರಡು ಸಲ. ಕನ್ನಡಕ ಒರೆಸಿ ಮೂರನೆಯ ಸಲ.
ನಾಲ್ಕರಲ್ಲಿ ಅದೇ ಹೆಚ್ಚು ಸವೆದು ಮೊಟ್ಟೆಯಾಗಿದೆ.
ಸೀಳಿಲ್ಲ. ಗ್ರೈಂಡಿಂಗಿಗೆ ತಡೆಯುತ್ತದೆ.

ಸಂಜೆ ಹಿಲ್ಡಾ ಟೀಚರು ರಿಚರ್ಡ್ಸ್ ಟೌನಿನಿಂದ ಆಟೋದಲ್ಲಿ ಬಂದರು.
ಹನ್ನೊಂದು ವರ್ಷ ಟಾರ್ಪಾಲಿನಡಿ ಇದ್ದ ಕಾರು
ಬೆಂಚಿನ ತುಂಬ ಹರಡಿದ್ದು ಕಂಡು
ಯಾಕೋ ಚಪ್ಪಲಿ ಬಿಟ್ಟು ಒಳಗೆ ಬಂದರು.

ಬೋರಿಂಗು, ಗ್ರೈಂಡಿಂಗು, ಪಿಸ್ಟನ್ನು ನಾಲ್ಕು,
ಲೆಕ್ಕ ಹೇಳಿದೆ. ಆಮೇಲೆ ತಗಡು ತೋರಿಸಿದೆ.
ಯಾರೋ ಹುಡುಗ ಹಾಕಿದ್ದು ಟೀಚರ್. ಮೋಸ.

ಬೆಳಕಿಗೆ ಹಿಡಿದು, ಉತ್ತರಪತ್ರಿಕೆಯಂತೆ
ಹಿಂದೆ ಮುಂದೆ ತಿರುಗಿಸಿದರು.
ಇದರ ಮೇಲೆ ಸ್ಕೂಲಿಗೆ ಹೋಗಿಬಂದೆನಾ ನಾನು,
ಹದಿನಾರು ವರ್ಷ?

ಹೌದು.

ಒಬ್ಬ ಹುಡುಗ ಇದ್ದ ಇಲ್ಲಿ, ಕಿವಿಯವರೆಗೂ ಮಸಿ.
ಟೀಗೆ ಅಂತ ಏನೋ ಕೊಟ್ಟಿದ್ದೆ ಅವನಿಗೆ,
ಐದು ರೂಪಾಯೋ ಏನೋ.

ಹತ್ತು, ಅಂದೆ.

ಡೀಸೆಲ್ಲಿನ ತಟ್ಟೆಯಲ್ಲಿ ಚೆಲುವರಾಜನ ಬ್ರಷ್ಷು ನಿಂತಿತು.